ಬರೆದ ನೆಲ, ಓಡುವ ನೆಲ: ಯುನಿಕ್ಸ್ ತಂತ್ರಾಂಶಗಳನ್ನು ಅನ್ಯ ವ್ಯವಸ್ಥೆಗಳಿಗೆ ಒಗ್ಗಿಸುವ ಕಾರ್ಯ

ಗಣಕಕ್ಕಾಗಿ ರಚಿತವಾದ ಪ್ರತಿಯೊಂದು ಕ್ರಮವಿಧಿಯಲ್ಲಿಯೂ ಎರಡು ಪಾಠಗಳಿರುತ್ತವೆ. ಸಾಲುಸಾಲಾಗಿ ಓದಬಹುದಾದ, ಕಣ್ಣಿಗೆ ಕಾಣುವ ಪಾಠ ಒಂದು. ಅದನ್ನು ಬರೆದವರು ತಮ್ಮ ಕೈಕೆಳಗಿದ್ದ ವ್ಯವಸ್ಥೆಯ ಬಗ್ಗೆ ಇಟ್ಟುಕೊಂಡಿದ್ದ, ಎಲ್ಲಿಯೂ ಬರೆದಿಡದ ನಂಬಿಕೆಗಳ ಪಾಠ ಇನ್ನೊಂದು. ಕ್ರಮವಿಧಿಯು ಹುಟ್ಟಿದ ನೆಲದಲ್ಲಿಯೇ ಓಡುತ್ತಿರುವಷ್ಟು ಕಾಲ ಎರಡನೆಯ ಪಾಠದ ಅರಿವು ಯಾರಿಗೂ ಆಗುವುದಿಲ್ಲ. ಅದನ್ನು ಬೇರೊಂದು ಕಾರ್ಯಾಚರಣ ವ್ಯವಸ್ಥೆಗೆ ಒಯ್ದು ಕಟ್ಟಲು ತೊಡಗಿದಾಗ ಮಾತ್ರ ಆ ನಂಬಿಕೆಗಳು ಒಂದೊಂದಾಗಿ ದೋಷಸೂಚನೆಗಳ ರೂಪದಲ್ಲಿ ಹೊರಬೀಳುತ್ತವೆ. ತಂತ್ರಜ್ಞರು ‘ಪೋರ್ಟಿಂಗ್’ ಎಂದು ಕರೆಯುವ ಕಾರ್ಯವನ್ನು ಯಂತ್ರದಿಂದ ಯಂತ್ರಕ್ಕೆ ಕಡತಗಳನ್ನು ಸಾಗಿಸುವುದೆಂದು ತಿಳಿಯುವುದು ವಾಡಿಕೆ. ವಾಸ್ತವವಾಗಿ ಅದು ಬರೆಯದೆ ಬಿಟ್ಟದ್ದನ್ನು ಬರೆದಿಡುವ ಕಾರ್ಯ.

ಯುನಿಕ್ಸ್ ಪರಂಪರೆಯಲ್ಲಿ ಈ ಕಾರ್ಯಕ್ಕೆ ದೀರ್ಘವಾದ ಇತಿಹಾಸವಿದೆ. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಅವರು ಪಿಡಿಪಿ-7 ಎಂಬ ಗಣಕದ ಮೇಲೆ ಆರಂಭಿಸಿದ ಈ ವ್ಯವಸ್ಥೆಯು ಮೊದಲಿಗೆ ಆ ಯಂತ್ರದ ಭಾಷೆಗೆ ಅಂಟಿಕೊಂಡೇ ಇತ್ತು. 1973ರಲ್ಲಿ ಅದರ ತಿರುಳನ್ನು ಸಿ ಭಾಷೆಯಲ್ಲಿ ಮರಳಿ ಬರೆದದ್ದು ನಿರ್ಣಾಯಕವಾದ ತಿರುವು. 1977ರಲ್ಲಿ ಆಸ್ಟ್ರೇಲಿಯದ ವೊಲೊಂಗಾಂಗ್ ವಿಶ್ವವಿದ್ಯಾಲಯದಲ್ಲಿ ರಿಚರ್ಡ್ ಮಿಲ್ಲರ್ ಅವರು ಇಂಟರ್‌ಡೇಟಾ 7/32 ಗಣಕಕ್ಕೂ, ಬೆಲ್ ಪ್ರಯೋಗಾಲಯದವರು ಇಂಟರ್‌ಡೇಟಾ 8/32 ಗಣಕಕ್ಕೂ ಯುನಿಕ್ಸನ್ನು ಒಗ್ಗಿಸಿದರು. ಈ ಅನುಭವವನ್ನು ಕುರಿತು ಸ್ಟೀಫನ್ ಜಾನ್ಸನ್ ಮತ್ತು ರಿಚಿ ಅವರು 1978ರಲ್ಲಿ ಬರೆದ ಪ್ರಬಂಧವು ಈ ಕ್ಷೇತ್ರದ ಮೂಲಗ್ರಂಥಗಳಲ್ಲೊಂದು. ಒಂದು ಯಂತ್ರವು ಸಂಖ್ಯೆಯ ಬೈಟುಗಳನ್ನು ಹಿಂದಿನಿಂದಲೂ ಇನ್ನೊಂದು ಮುಂದಿನಿಂದಲೂ ಜೋಡಿಸಿದರೆ ‘ಯುನಿಕ್ಸ್’ ಎಂಬ ಹೆಸರಿನ ಇಂಗ್ಲಿಷ್ ಅಕ್ಷರಗಳೇ ಅದಲುಬದಲಾಗಿ ‘ನುಕ್ಸಿ’ ಎಂದಾಗುತ್ತವೆ. ಬೈಟುಗಳ ಕ್ರಮದ ತೊಡಕಿಗೆ ತಂತ್ರಜ್ಞರ ಬಳಕೆಯಲ್ಲಿ ಅದೇ ಹೆಸರು ನಿಂತಿತು.

ಯುನಿಕ್ಸ್ ಹರಡಿದಂತೆ ಅದರ ಕವಲುಗಳೂ ಹೆಚ್ಚಿದವು. ಬರ್ಕ್ಲಿಯ ಶಾಖೆ, ಎಟಿ ಆಂಡ್ ಟಿ ಸಂಸ್ಥೆಯ ಶಾಖೆ, ಗಣಕ ತಯಾರಕರ ತಮ್ಮತಮ್ಮ ರೂಪಗಳು ಹೀಗೆ ಒಂದೇ ಹೆಸರಿನ ಕೆಳಗೆ ಹಲವು ವ್ಯವಸ್ಥೆಗಳು ಬೆಳೆದವು. 1988ರಲ್ಲಿ ಪ್ರಕಟವಾದ ‘ಪಾಸಿಕ್ಸ್’ ಮಾನಕವು ಈ ಭೇದಗಳಿಗೆ ಒಂದು ಕಟ್ಟುಪಾಡು ಹಾಕಲು ಯತ್ನಿಸಿತು. ಮಾನಕದಿಂದಾಗದ ಕೆಲಸವನ್ನು ಸಾಧನವೊಂದು ಮಾಡಿತು. 1991ರಲ್ಲಿ ಡೇವಿಡ್ ಮೆಕೆನ್ಜಿ ಅವರು ಆರಂಭಿಸಿದ ‘ಆಟೋಕಾನ್ಫ್’ ಆ ಸಾಧನ. ಯುನಿಕ್ಸ್ ತಂತ್ರಾಂಶವನ್ನು ಮೂಲಪಾಠದಿಂದ ಕಟ್ಟಿದ ಪ್ರತಿಯೊಬ್ಬರಿಗೂ ಪರಿಚಿತವಾದ ಮೂರು ಆಜ್ಞೆಗಳಲ್ಲಿ, ಅಂದರೆ ‘ಕಾನ್ಫಿಗರ್’, ‘ಮೇಕ್’ ಮತ್ತು ‘ಮೇಕ್ ಇನ್‌ಸ್ಟಾಲ್’ಗಳಲ್ಲಿ, ಮೊದಲನೆಯದು ಇದರ ಕೊಡುಗೆ.

‘ಕಾನ್ಫಿಗರ್’ನ ಕಾರ್ಯವಿಧಾನ ಸೂಕ್ಷ್ಮವಾಗಿ ನೋಡತಕ್ಕದ್ದು. ಇದು ಯಂತ್ರದ ಹೆಸರನ್ನು ಕೇಳಿ ಅದರ ಗುಣಗಳನ್ನು ಊಹಿಸುವುದಕ್ಕಿಂತ ನೇರವಾಗಿ ಪರೀಕ್ಷಿಸಲು ಬಯಸುತ್ತದೆ. ಒಂದು ಕಾರ್ಯವು ವ್ಯವಸ್ಥೆಯಲ್ಲಿ ಇದೆಯೇ ಎಂದು ತಿಳಿಯಲು ಅದನ್ನು ಕರೆಯುವ ನಾಲ್ಕಾರು ಸಾಲಿನ ಪುಟ್ಟ ಕ್ರಮವಿಧಿಯನ್ನು ಬರೆದು, ಕಂಪೈಲರಿಗೆ ಒಪ್ಪಿಸಿ, ಅದು ಒಪ್ಪಿದರೆ ಇದೆ, ತಿರಸ್ಕರಿಸಿದರೆ ಇಲ್ಲ ಎಂದು ತೀರ್ಮಾನಿಸುತ್ತದೆ. ಇಂಥ ನೂರಾರು ಪರೀಕ್ಷೆಗಳ ಫಲಿತಾಂಶವು ಒಂದು ಕಡತದಲ್ಲಿ ದಾಖಲಾಗಿ ಮುಂದಿನ ಕಟ್ಟುವಿಕೆಯನ್ನು ನಿರ್ದೇಶಿಸುತ್ತದೆ. ಕೇಳಿದ ಮಾತಿಗಿಂತ ಕಂಡ ಪ್ರಮಾಣವೇ ಮೇಲೆಂಬ ಈ ನಿಲುವು ಶ್ಲಾಘನೀಯವಾದುದು. ಆದರೆ ಪರೀಕ್ಷಿಸುವ ಸಾಧನದಲ್ಲಿಯೂ ಬರೆಯದ ನಂಬಿಕೆಗಳು ಅಡಗಿರಬಲ್ಲವು. 2020ರಲ್ಲಿ ಆಪಲ್ ಸಂಸ್ಥೆಯ ಕಂಪೈಲರು, ಮುಂಚಿತವಾಗಿ ಘೋಷಿಸದ ಕಾರ್ಯವನ್ನು ಕರೆಯುವುದನ್ನು ಎಚ್ಚರಿಕೆಯ ಬದಲು ದೋಷವೆಂದೇ ಪರಿಗಣಿಸತೊಡಗಿತು. ಹಳೆಯ ಪರೀಕ್ಷಾ ತುಣುಕುಗಳಲ್ಲಿ ಅನೇಕವು ಅಂಥ ಘೋಷಣೆಯಿಲ್ಲದೆಯೇ ಬರೆದಂಥವು. ಪರಿಣಾಮವಾಗಿ ಅವು ವಿಫಲವಾದವು. ‘ಕಾನ್ಫಿಗರ್’ ಅದನ್ನು ಪರೀಕ್ಷೆಯ ದೋಷವೆಂದು ತಿಳಿಯದೆ ವ್ಯವಸ್ಥೆಯಲ್ಲಿ ಆ ಸೌಲಭ್ಯವೇ ಇಲ್ಲವೆಂದು ಬರೆದುಕೊಂಡು ಮುಂದೆ ಸಾಗಿತು. ಕಟ್ಟುವಿಕೆ ಎಲ್ಲಿಯೂ ನಿಲ್ಲದೆ ಮುಗಿದು, ತಂತ್ರಾಂಶ ಮಾತ್ರ ಒಂದು ಅಂಗವನ್ನು ಕಳೆದುಕೊಂಡು ಹೊರಬಂದ ಪ್ರಸಂಗಗಳು ಇದರಿಂದ ಸಂಭವಿಸಿದವು. ಗದ್ದಲ ಮಾಡಿ ಸೋಲುವ ಕ್ರಮವಿಧಿಗಿಂತ ಸದ್ದಿಲ್ಲದೆ ಗೆದ್ದಂತೆ ನಟಿಸುವ ಕ್ರಮವಿಧಿ ಹೆಚ್ಚು ಅಪಾಯಕಾರಿ.

ಅದೇ ವರ್ಷದ ಇನ್ನೊಂದು ಪ್ರಸಂಗವೂ ಉಲ್ಲೇಖಾರ್ಹ. ಸಮಾನ ಲೈಬ್ರರಿಗಳನ್ನು ಕಟ್ಟಲು ಬಳಕೆಯಾಗುವ ‘ಲಿಬ್‌ಟೂಲ್’ ಸಾಧನದ ಹಳೆಯ ಆವೃತ್ತಿಗಳು ಮ್ಯಾಕಿನ ಒಳತಿರುಳಾದ ‘ಡಾರ್ವಿನ್’ನ ಆವೃತ್ತಿ ಸಂಖ್ಯೆ 9 ಅಥವಾ 1ರಿಂದ ಆರಂಭವಾದರೆ ಅದು ಹೊಸದೆಂದು ಗುರುತಿಸುತ್ತಿದ್ದವು. 10ರಿಂದ 19ರವರೆಗೆ ಇದರಿಂದ ತೊಂದರೆಯಾಗಲಿಲ್ಲ. 2020ರ ಮ್ಯಾಕ್ ವ್ಯವಸ್ಥೆಯೊಡನೆ ಡಾರ್ವಿನ್ 20 ಬಂದಾಗ, ಆ ವರ್ಷದ ವ್ಯವಸ್ಥೆಯನ್ನು ಈ ಸಾಧನ ಸುಮಾರು ಎರಡು ದಶಕ ಹಳೆಯ ವ್ಯವಸ್ಥೆಯೆಂದು ಭಾವಿಸಿ ಆ ಕಾಲದ ಕಟ್ಟುವ ಕ್ರಮವನ್ನೇ ಅನುಸರಿಸಿತು. ಲಿಬ್‌ಟೂಲ್‌ನ ಪ್ರತಿಯು ಪ್ರತಿಯೊಂದು ತಂತ್ರಾಂಶದ ಗಂಟಿನೊಳಗೂ ಪ್ರತ್ಯೇಕವಾಗಿ ಹೊಲಿದುಕೊಂಡಿದ್ದುದರಿಂದ ಒಂದೆಡೆ ತಿದ್ದಿದರೆ ಸಾಲದಾಯಿತು. ಒಂದೇ ತೇಪೆಯನ್ನು ಹತ್ತಾರು ತಂತ್ರಾಂಶಗಳಿಗೆ ಬಿಡಿಬಿಡಿಯಾಗಿ ಹಚ್ಚಬೇಕಾಯಿತು.

ಇವೆಲ್ಲ ಯುನಿಕ್ಸ್ ಕುಟುಂಬದೊಳಗಿನ ದಾಯಾದಿ ಭೇದಗಳು. ಕುಟುಂಬದ ಹೊರಗಿನ ವಿಂಡೋಸ್‌ನಂಥ ವ್ಯವಸ್ಥೆಗೆ ಒಯ್ಯುವಾಗ ತೊಡಕಿನ ಸ್ವರೂಪವೇ ಬೇರೆ. ಸಿಗ್ನಸ್ ಸಂಸ್ಥೆಯಲ್ಲಿ ಸ್ಟೀವ್ ಚೇಂಬರ್ಲೇನ್ ಅವರು 1995ರಲ್ಲಿ ಆರಂಭಿಸಿದ, ಮುಂದೆ ‘ಸಿಗ್ವಿನ್’ ಎಂದು ಹೆಸರಾದ ಯೋಜನೆ ಇದಕ್ಕೆ ಉತ್ತಮ ನಿದರ್ಶನ. ವಿಂಡೋಸ್ ಬಳಸುತ್ತಿದ್ದ ‘ಕಾಫ್’ ಎಂಬ ಕಡತರೂಪಕ್ಕೆ ಗ್ನೂ ಸಾಧನಗಳಲ್ಲಿ ಆಗಲೇ ಬೆಂಬಲವಿದ್ದುದರಿಂದ, ಗ್ನೂ ಕಂಪೈಲರು ವಿಂಡೋಸ್‌ಗೆ ಕ್ರಮವಿಧಿಗಳನ್ನು ಕಟ್ಟುವಂತೆ ಮಾಡುವುದು ಕಷ್ಟವಾಗಲಾರದೆಂದು ಅವರು ಕಂಡುಕೊಂಡರು. ಆದರೆ ಕಂಪೈಲರನ್ನು ವಿಂಡೋಸ್‌ನಲ್ಲಿಯೇ ಕಟ್ಟಬೇಕಾದರೆ ‘ಕಾನ್ಫಿಗರ್’ ಓಡಬೇಕು. ಅದು ಓಡಲು ಯುನಿಕ್ಸಿನ ಶೆಲ್ ಬೇಕು. ಶೆಲ್‌ಗೆ ‘ಫೋರ್ಕ್’ ಬೇಕು. ವಿಂಡೋಸ್‌ನ ಸಾರ್ವಜನಿಕ ಸೌಲಭ್ಯಗಳಲ್ಲಿ ಫೋರ್ಕ್ ಇರಲಿಲ್ಲ.

ಫೋರ್ಕ್ ಎಂಬುದು ಯುನಿಕ್ಸ್‌ನ ಹೃದಯಸ್ಥಾನದಲ್ಲಿರುವ ಕಾರ್ಯ. ಓಡುತ್ತಿರುವ ಪ್ರಕ್ರಿಯೆಯೊಂದು ಇದನ್ನು ಕರೆದ ಕ್ಷಣದಲ್ಲಿ ತನ್ನಂತೆಯೇ ಇರುವ, ತಾನಿದ್ದ ಸಾಲಿನಿಂದಲೇ ಮುಂದುವರಿಯುವ ಇನ್ನೊಂದು ಪ್ರಕ್ರಿಯೆಯನ್ನು ಪಡೆಯುತ್ತದೆ. ಇಂದಿನ ಯುನಿಕ್ಸ್ ವ್ಯವಸ್ಥೆಗಳಲ್ಲಿ ಇದು ಅಗ್ಗದ ಕಾರ್ಯ. ಇಬ್ಬರೂ ಒಂದೇ ಸ್ಮೃತಿಯನ್ನು ಹಂಚಿಕೊಂಡಿದ್ದು, ಯಾರಾದರೂ ತಿದ್ದಲು ಹೊರಟ ಪುಟವನ್ನು ಮಾತ್ರ ಆಗ ನಕಲು ಮಾಡಲಾಗುತ್ತದೆ. ವಿಂಡೋಸ್ ಮಾತ್ರ ಹೊಸ ಪ್ರಕ್ರಿಯೆಯನ್ನು ಕಡತದಿಂದ ಹೊಸದಾಗಿಯೇ ಹುಟ್ಟಿಸುತ್ತದೆ. ಸಿಗ್ವಿನ್ ಈ ಕಂದರವನ್ನು ದಾಟಿದ ಬಗೆ ಹೀಗಿದೆ. ತಾಯಿ ಪ್ರಕ್ರಿಯೆಯು ಅದೇ ಕ್ರಮವಿಧಿಯ ಇನ್ನೊಂದು ಪ್ರತಿಯನ್ನು ಹುಟ್ಟಿಸಿ, ಅದು ಓಡದಂತೆ ತಡೆಹಿಡಿದು, ತನ್ನ ದತ್ತಾಂಶದ ಭಾಗಗಳನ್ನು ಅದರೊಳಕ್ಕೆ ನಕಲಿಸುತ್ತದೆ. ಅನಂತರ ಮಗುವನ್ನು ಎಬ್ಬಿಸಿ ತಾನು ಕಾಯುತ್ತದೆ. ಎಚ್ಚೆತ್ತ ಮಗುವು ತಾನು ಫೋರ್ಕಿನಿಂದ ಹುಟ್ಟಿದ್ದೆಂದು ಅರಿತು, ತಾಯಿ ಗುರುತಿಟ್ಟ ಸ್ಥಳಕ್ಕೆ ನೆಗೆದು, ಸಿದ್ಧವೆಂದು ಸನ್ನೆ ಮಾಡಿ ನಿಲ್ಲುತ್ತದೆ. ಆಗ ತಾಯಿಯು ತನ್ನ ಉಳಿದ ಸ್ಮೃತಿಯನ್ನೂ ಅದಕ್ಕೆ ನಕಲಿಸಿಕೊಟ್ಟು ಬಿಡುಗಡೆ ಮಾಡುತ್ತದೆ. ಯುನಿಕ್ಸ್ ಒಂದು ಉಸಿರಿನಲ್ಲಿ ಮುಗಿಸುವ ಕಾರ್ಯಕ್ಕೆ ಇಲ್ಲಿ ಇಷ್ಟೊಂದು ಕೊಡುಕೊಳೆ.

ಈ ವ್ಯವಸ್ಥೆಗೆ ಒಂದು ಕಠಿಣವಾದ ಷರತ್ತಿದೆ. ತಾಯಿಯ ಸ್ಮೃತಿಯಲ್ಲಿ ಪ್ರತಿಯೊಂದು ಲೈಬ್ರರಿಯು ಯಾವ ವಿಳಾಸದಲ್ಲಿತ್ತೋ ಮಗುವಿನಲ್ಲಿಯೂ ಅದೇ ವಿಳಾಸದಲ್ಲಿರಬೇಕು. ವಿಂಡೋಸ್ ಅದಕ್ಕೆ ಭರವಸೆ ಕೊಡುವುದಿಲ್ಲ. ಆಕ್ರಮಣಕಾರರನ್ನು ದಾರಿತಪ್ಪಿಸಲು ವಿಳಾಸಗಳನ್ನು ಬೇಕೆಂದೇ ಕದಡುವ ಭದ್ರತಾ ಕ್ರಮವೂ ಆಮೇಲೆ ಸೇರಿಕೊಂಡಿತು. ಬೇಕಾದ ವಿಳಾಸ ಬೇರೆಯವರ ವಶವಾಗಿದ್ದರೆ ಫೋರ್ಕ್ ಸೋಲುತ್ತದೆ. ಲೈಬ್ರರಿಗಳಿಗೆಲ್ಲ ಮುಂಚಿತವಾಗಿ ಒಂದಕ್ಕೊಂದು ತಾಗದ ಸ್ಥಾನಗಳನ್ನು ಹಂಚಿಕೊಡುವ ‘ರೀಬೇಸ್’ ಎಂಬ ಉಪಸಾಧನ ಹುಟ್ಟಿಕೊಂಡದ್ದು ಈ ಕಾರಣದಿಂದ. ಕಟ್ಟುವಿಕೆಯ ವೇಗದ ಮೇಲೂ ಇದರ ಪರಿಣಾಮವಿದೆ. ‘ಕಾನ್ಫಿಗರ್’ ಎಂಬುದು ಕ್ಷಣಕ್ಕೊಂದರಂತೆ ಸಣ್ಣ ಪ್ರಕ್ರಿಯೆಗಳನ್ನು ಹುಟ್ಟಿಸುವ ಕ್ರಮವಿಧಿಯಾದುದರಿಂದ, ಲಿನಕ್ಸ್‌ನಲ್ಲಿ ಬೇಗನೆ ಮುಗಿಯುವ ಪರೀಕ್ಷಾಸರಣಿಯು ಸಿಗ್ವಿನ್‌ನಲ್ಲಿ ಸಹನೆಯನ್ನು ಪರೀಕ್ಷಿಸುವಷ್ಟು ನಿಧಾನವಾಗುತ್ತದೆ. 2005ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಆರಂಭಿಸಿದ ‘ಗಿಟ್’ನ ಅನೇಕ ಆಜ್ಞೆಗಳು ಮೊದಲಿಗೆ ಶೆಲ್ ಭಾಷೆಯಲ್ಲಿದ್ದು, ವಿಂಡೋಸ್‌ನಲ್ಲಿ ಇದೇ ಕಾರಣದಿಂದ ತೆವಳುತ್ತಿದ್ದವು. ಅವನ್ನು ಒಂದೊಂದಾಗಿ ಸಿ ಭಾಷೆಗೆ ತಿರುಗಿಸಲಾಯಿತು. ‘ರೀಬೇಸ್’ ಎಂಬ ಹೆಸರಿನದೇ ಆದ ಗಿಟ್‌ನ ಆಜ್ಞೆಗೆ ಆ ಭಾಗ್ಯ ಒದಗಿದ್ದು 2018ರ ಡಿಸೆಂಬರಿನಲ್ಲಿ. ಅನ್ಯನೆಲದ ಒತ್ತಡವು ಮೂಲಪಾಠವನ್ನೇ ಬದಲಿಸಿದುದಕ್ಕೆ ಇದೊಂದು ಉದಾಹರಣೆ.

ಮೈಕ್ರೋಸಾಫ್ಟ್ ಸಂಸ್ಥೆಯು 2016ರಲ್ಲಿ ಹೊರತಂದ, ವಿಂಡೋಸ್‌ನೊಳಗಿನ ಲಿನಕ್ಸ್ ಉಪವ್ಯವಸ್ಥೆಯು ಬೇರೊಂದು ಮಾರ್ಗ ಹಿಡಿಯಿತು. ಅದು ಲಿನಕ್ಸ್ ಕ್ರಮವಿಧಿಯನ್ನು ಮರಳಿ ಕಟ್ಟದೆ, ಅದು ತಿರುಳಿಗೆ ಸಲ್ಲಿಸುವ ಕೋರಿಕೆಗಳನ್ನು ವಿಂಡೋಸ್‌ನ ಕೋರಿಕೆಗಳಾಗಿ ತರ್ಜುಮೆ ಮಾಡುತ್ತಿತ್ತು. 2019ರಲ್ಲಿ ಪ್ರಕಟವಾದ ಎರಡನೆಯ ರೂಪದಲ್ಲಿ ಆ ತರ್ಜುಮೆಯನ್ನು ಬಿಟ್ಟು, ನಿಜವಾದ ಲಿನಕ್ಸ್ ತಿರುಳನ್ನೇ ಹಗುರವಾದ ಕಲ್ಪಿತ ಯಂತ್ರದಲ್ಲಿ ಓಡಿಸುವ ಕ್ರಮಕ್ಕೆ ಬರಲಾಯಿತು. ಅದರ ಉಪಯುಕ್ತತೆ ನಿರ್ವಿವಾದ. ಆದರೆ ಅಲ್ಲಿ ತಂತ್ರಾಂಶವು ಹೊಸ ನೆಲಕ್ಕೆ ಒಗ್ಗುವುದಿಲ್ಲ. ಹಳೆಯ ನೆಲವನ್ನು ಬುಟ್ಟಿಯಲ್ಲಿ ತುಂಬಿಕೊಂಡು ಬಂದಿರುತ್ತದೆ.

ಕಡತಗಳ ಹೆಸರು ಮೇಲ್ನೋಟಕ್ಕೆ ಅತ್ಯಲ್ಪವೆಂದು ತೋರುವ ವಿಷಯ. ಒಗ್ಗಿಸುವವರು ಹೆಚ್ಚು ಎಡವುವುದು ಇಲ್ಲಿಯೇ. ಯುನಿಕ್ಸ್ ಇಂಗ್ಲಿಷಿನ ದೊಡ್ಡಕ್ಷರ ಮತ್ತು ಸಣ್ಣಕ್ಷರಗಳನ್ನು ಬೇರೆಬೇರೆಯೆಂದು ಎಣಿಸುತ್ತದೆ. ವಿಂಡೋಸ್ ಮತ್ತು ಮ್ಯಾಕ್‌ಗಳ ರೂಢಿಯ ಕಡತವ್ಯವಸ್ಥೆಗಳು ಹೆಸರನ್ನು ಹುಡುಕುವಾಗ ಎರಡನ್ನೂ ಒಂದೆಂದೇ ತಿಳಿಯುತ್ತವೆ. ಗ್ನೂ ತಂತ್ರಾಂಶಗಳಲ್ಲಿ ಅನುಸ್ಥಾಪನೆಯ ಸೂಚನೆಗಳಿರುವ ಕಡತಕ್ಕೆ ದೊಡ್ಡಕ್ಷರಗಳಲ್ಲಿ ‘ಇನ್‌ಸ್ಟಾಲ್’ ಎಂದು ಹೆಸರಿಡುವುದು ಸಂಪ್ರದಾಯ. ‘ಮೇಕ್ ಇನ್‌ಸ್ಟಾಲ್’ ಎಂಬ ಆಜ್ಞೆಯಲ್ಲಿ ಅದೇ ಪದ ಸಣ್ಣಕ್ಷರಗಳಲ್ಲಿದ್ದು ಮಾಡಬೇಕಾದ ಕಾರ್ಯವನ್ನು ಸೂಚಿಸುತ್ತದೆ. ಎರಡನ್ನೂ ಒಂದೇ ಎನ್ನುವ ವ್ಯವಸ್ಥೆಯಲ್ಲಿ ‘ಮೇಕ್’ ಸಾಧನವು ಆ ಹೆಸರಿನ ಕಡತ ಈಗಾಗಲೇ ಸಿದ್ಧವಿದೆಯೆಂದು ತಿಳಿದು, ಮಾಡಲು ಏನೂ ಉಳಿದಿಲ್ಲವೆಂದು ವರದಿ ಮಾಡಿ ಸುಮ್ಮನಾಗುತ್ತದೆ. ‘ಇದು ಕಡತದ ಹೆಸರಲ್ಲ, ಕಾರ್ಯದ ಹೆಸರು’ ಎಂದು ಸಾರುವ ಒಂದು ಸಾಲನ್ನು ಸೇರಿಸಿದರೆ ತೊಡಕು ಪರಿಹಾರವಾಗುತ್ತದೆ. ಬರೆದವರಿಗೆ ಆ ಸಾಲು ಅನಾವಶ್ಯಕವೆಂದು ತೋರಿರಬಹುದು, ಏಕೆಂದರೆ ಅವರ ಯಂತ್ರದಲ್ಲಿ ಅದು ಅನಾವಶ್ಯಕವೇ ಆಗಿತ್ತು. ಡಾಸ್ ಕಾಲದಲ್ಲಿ ಉಪಕರಣಗಳಿಗೆ ಮೀಸಲಾದ ‘ಆಕ್ಸ್’, ‘ಕಾನ್’, ‘ಪಿಆರ್‌ಎನ್’ ಮೊದಲಾದ ಹೆಸರುಗಳು ವಿಂಡೋಸ್‌ಗೂ ಇಳಿದು ಬಂದಿವೆ. ಲಿನಕ್ಸ್ ತಿರುಳಿನ ಮೂಲಪಾಠದಲ್ಲಿರುವ ‘ಆಕ್ಸ್’ ಹೆಸರಿನ ಕಡತವು ವಿಂಡೋಸ್‌ನಲ್ಲಿ ತೆರೆಯಹೊರಟವರಿಗೆ ತಲೆನೋವಾಗಿರುವುದು ಈ ಪಿತ್ರಾರ್ಜಿತದಿಂದ.

ದೊಡ್ಡಕ್ಷರ, ಸಣ್ಣಕ್ಷರಗಳ ಭೇದವಿಲ್ಲದ ಕನ್ನಡ ಲಿಪಿಯು ಈ ರಗಳೆಯಿಂದ ಪಾರಾಗಿದೆಯೆಂದು ಭಾವಿಸುವಂತಿಲ್ಲ. ಅದಕ್ಕೆ ಬೇರೆ ರೂಪದ ತೊಡಕು ಕಾದಿದೆ. ‘ಕೋಲಾರ’ ಎಂಬ ಹೆಸರಿನ ಕಡತವನ್ನು ತೆಗೆದುಕೊಳ್ಳಬಹುದು. ಇದರ ಮೊದಲ ಅಕ್ಷರದಲ್ಲಿರುವ ಓಕಾರದ ಚಿಹ್ನೆಯನ್ನು ಯುನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು; ಎತ್ವ, ಕೊಂಬಿನ ದೀರ್ಘ ಮತ್ತು ದೀರ್ಘಚಿಹ್ನೆ ಎಂಬ ಮೂರು ಸಂಕೇತಗಳಾಗಿ ಬಿಡಿಸಿಯೂ ಬರೆಯಬಹುದು. ಓದುವ ಕಣ್ಣಿಗೆ ಎರಡೂ ಒಂದೇ. ಯುಟಿಎಫ್-8 ಪದ್ಧತಿಯಲ್ಲಿ ಮೊದಲನೆಯ ರೂಪಕ್ಕೆ 15 ಬೈಟುಗಳು, ಎರಡನೆಯದಕ್ಕೆ 21. ಲಿನಕ್ಸ್ ಬಳಕೆದಾರರು ಕೊಟ್ಟ ಬೈಟುಗಳನ್ನು ಹಾಗೆಯೇ ಇಟ್ಟುಕೊಳ್ಳುತ್ತದೆ. ಮ್ಯಾಕ್‌ನ ಹಿಂದಿನ ಕಡತವ್ಯವಸ್ಥೆಯಾದ ಎಚ್‌ಎಫ್‌ಎಸ್ ಪ್ಲಸ್ ಎಲ್ಲ ಹೆಸರುಗಳನ್ನೂ ಬಿಡಿಸಿಯೇ ಇಡುತ್ತಿತ್ತು. ಕೊಟ್ಟ ಹೆಸರು ಒಂದು, ಪಟ್ಟಿ ಕೇಳಿದಾಗ ಮರಳಿ ಬಂದ ಹೆಸರು ಇನ್ನೊಂದು. ಹೆಸರುಗಳನ್ನು ಬೈಟು ಬೈಟಾಗಿ ಹೋಲಿಸುವ ಗಿಟ್‌ಗೆ ತಾನೇ ದಾಖಲಿಸಿದ ಕಡತ ಕಾಣೆಯಾಗಿ, ಅದೇ ಹೆಸರಿನ ಅಪರಿಚಿತ ಕಡತವೊಂದು ಬಂದು ಕುಳಿತಂತೆ ತೋರುತ್ತಿತ್ತು. ಐರೋಪ್ಯ ಭಾಷೆಗಳ ಸ್ವರಚಿಹ್ನೆಗಳಿಂದ ಬೆಳಕಿಗೆ ಬಂದ ಈ ದೋಷಕ್ಕೆ 2012ರ ಗಿಟ್ ಆವೃತ್ತಿಯಲ್ಲಿ ಮ್ಯಾಕ್‌ಗೆಂದೇ ಪರಿಹಾರ ಸೇರಿತು. 2017ರಲ್ಲಿ ಬಂದ ಹೊಸ ಕಡತವ್ಯವಸ್ಥೆಯು ಹೆಸರನ್ನು ಕೊಟ್ಟ ರೂಪದಲ್ಲಿಯೇ ಉಳಿಸಿಕೊಳ್ಳುತ್ತದೆ. ಆದರೂ ಹಳೆಯ ಮ್ಯಾಕ್‌ನಿಂದ ಲಿನಕ್ಸ್‌ಗೆ ನಕಲಾಗಿ ಬಂದ ಕಡತಗಳಲ್ಲಿ ಬಿಡಿಸಿದ ಹೆಸರುಗಳು ಇಂದಿಗೂ ಇರುವುದು ಸಾಧ್ಯ. ಈಕಾರ, ಏಕಾರ, ಐಕಾರ, ಒಕಾರಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಕನ್ನಡ ಹೆಸರುಗಳಿಂದ ಕಡತಭಂಡಾರ ಕಟ್ಟುವ ಸಂಸ್ಥೆಗಳು ಗಮನಿಸಬೇಕಾದ ವಿಷಯವಿದು.

ಕನ್ನಡದ ಹಳೆಯ ಪುಸ್ತಕಗಳ ಪುಟಚಿತ್ರಗಳನ್ನು ಓದಿ ಪಠ್ಯವಾಗಿಸಬಲ್ಲ ‘ಟೆಸೆರಾಕ್ಟ್’ ತಂತ್ರಾಂಶವೂ ಇಂಥ ಪಯಣದ ಫಲವೇ. 1985ರಿಂದ 1994ರವರೆಗೆ ಎಚ್‌ಪಿ ಸಂಸ್ಥೆಯಲ್ಲಿ ಬೆಳೆದು, 1996ರಲ್ಲಿ ವಿಂಡೋಸ್‌ಗೆ ಒಗ್ಗಿ, 2005ರಲ್ಲಿ ಮುಕ್ತ ತಂತ್ರಾಂಶವಾಗಿ ಪ್ರಕಟವಾದ ಇದನ್ನು ಕಟ್ಟಬೇಕಾದರೆ ಮೊದಲು ‘ಲೆಪ್ಟೋನಿಕ’ ಬೇಕು. ಅದಕ್ಕೆ ಚಿತ್ರರೂಪಗಳನ್ನು ಓದುವ ಲೈಬ್ರರಿಗಳು ಬೇಕು. ಅವುಗಳಿಗೆ ದತ್ತಾಂಶವನ್ನು ಕುಗ್ಗಿಸಿ ಹಿಗ್ಗಿಸುವ ‘ಜೆಡ್‌ಲಿಬ್’ ಬೇಕು. ಈ ಸರಪಳಿಯನ್ನು ಪ್ರತಿಯೊಬ್ಬರೂ ಕೈಯಾರೆ ಬಿಡಿಸುವುದು ಅಸಾಧ್ಯವೆಂಬ ಅರಿವಿನಿಂದ ಹುಟ್ಟಿದ್ದು ‘ಪೋರ್ಟ್ಸ್’ ಪದ್ಧತಿ. 1994ರಲ್ಲಿ ಜೋರ್ಡನ್ ಹಬರ್ಡ್ ಅವರು ಫ್ರೀಬಿಎಸ್‌ಡಿ ವ್ಯವಸ್ಥೆಗಾಗಿ ಇದನ್ನು ರೂಪಿಸಿದರು. ಮೂಲಪಾಠ ಎಲ್ಲಿ ದೊರೆಯುತ್ತದೆ, ತಂದ ಪ್ರತಿ ನಿಜವಾದುದೆಂದು ತಾಳೆ ನೋಡುವುದು ಹೇಗೆ, ಮೊದಲು ಏನನ್ನು ಕಟ್ಟಿರಬೇಕು, ಯಾವ ತೇಪೆಗಳನ್ನು ಹಚ್ಚಬೇಕು ಎಂಬುದನ್ನೆಲ್ಲ ಒಂದು ಪುಟ್ಟ ಕಡತದಲ್ಲಿ ಬರೆದಿಡುವುದೇ ಇದರ ತಿರುಳು. 1997ರಲ್ಲಿ ನೆಟ್‌ಬಿಎಸ್‌ಡಿಯ ‘ಪಿಕೆಜಿಎಸ್‌ಆರ್‌ಸಿ’, 2000ದಲ್ಲಿ ಮ್ಯಾಕ್‌ನ ‘ಫಿಂಕ್’, 2002ರಲ್ಲಿ ಮುಂದೆ ‘ಮ್ಯಾಕ್‌ಪೋರ್ಟ್ಸ್’ ಎಂದಾದ ‘ಡಾರ್ವಿನ್‌ಪೋರ್ಟ್ಸ್’, 2009ರಲ್ಲಿ ‘ಹೋಮ್‌ಬ್ರೂ’ ಇದೇ ಹಾದಿಯಲ್ಲಿ ಬಂದವು. ವ್ಯವಸ್ಥೆಯ ಸ್ವಂತ ಕಡತಗಳನ್ನು ಕೆಡಿಸದಂತೆ ಮ್ಯಾಕ್‌ಪೋರ್ಟ್ಸ್ ತನ್ನ ಸರಕನ್ನೆಲ್ಲ ‘/ಆಪ್ಟ್/ಲೋಕಲ್’ ಎಂಬ ಪ್ರತ್ಯೇಕ ಕಣಜದಲ್ಲಿ ಇರಿಸುತ್ತದೆ; ಫಿಂಕ್ ಹಿಂದೆ ‘/ಎಸ್‌ಡಬ್ಲ್ಯು’ನಲ್ಲಿ ಇರಿಸುತ್ತಿತ್ತು. ಹೋಮ್‌ಬ್ರೂನಲ್ಲಿ ಟೆಸೆರಾಕ್ಟ್‌ನೊಡನೆ ಬರುವ ಭಾಷಾದತ್ತಾಂಶ ಇಂಗ್ಲಿಷಿನದು ಮಾತ್ರ. ಕನ್ನಡ ಬೇಕಾದವರು ಭಾಷೆಗಳ ಕಟ್ಟನ್ನು ಬೇರೆಯಾಗಿ ತರಿಸಿಕೊಳ್ಳಬೇಕಾಗುತ್ತದೆ.

ಈ ಪುಟ್ಟ ಕಡತಗಳೂ ಅವುಗಳ ಪಕ್ಕದ ತೇಪೆಗಳೂ ಗ್ರಂಥಸಂಪಾದನೆಯ ಅಡಿಟಿಪ್ಪಣಿಗಳನ್ನು ನೆನಪಿಗೆ ತರುತ್ತವೆ. ಯಾವ ಪ್ರತಿಯಲ್ಲಿ ಯಾವ ಪಾಠವಿದೆ, ಯಾವುದನ್ನು ಏಕೆ ತಿದ್ದಲಾಗಿದೆ ಎಂಬುದರ ದಾಖಲೆ ಅಲ್ಲಿರುತ್ತದೆ. ವ್ಯತ್ಯಾಸವೆಂದರೆ ಇಲ್ಲಿ ತಿದ್ದುಪಡಿಯು ಮೂಲಕರ್ತೃವಿಗೆ ಮರಳಬಲ್ಲದು. ಲ್ಯಾರಿ ವಾಲ್ ಅವರು 1985ರಲ್ಲಿ ‘ಪ್ಯಾಚ್’ ಸಾಧನವನ್ನು ಹೊರತಂದ ಮೇಲೆ, ಬದಲಾದ ಸಾಲುಗಳನ್ನಷ್ಟೇ ಕಳುಹಿಸಿ ಮೂಲಕ್ಕೆ ಸೇರಿಸುವುದು ಸುಲಭವಾಯಿತು. ಮರಳಿ ಸೇರಿದ ತೇಪೆಯು ಎಲ್ಲ ನೆಲಗಳಿಗೂ ಸಲ್ಲುತ್ತದೆ. ಸೇರದೆ ಉಳಿದದ್ದನ್ನು ಪ್ರತಿ ಹೊಸ ಆವೃತ್ತಿಗೂ ಯಾರಾದರೊಬ್ಬರು ಮತ್ತೆ ಹೊಂದಿಸುತ್ತಲೇ ಇರಬೇಕು. ಆ ಒಬ್ಬರು ದಣಿದು ಕೈಬಿಟ್ಟರೆ ಆ ನೆಲದಲ್ಲಿ ಆ ತಂತ್ರಾಂಶದ ಬೇರು ಒಣಗುತ್ತದೆ. ಸಿಗ್ವಿನ್ 2022ರ ಡಿಸೆಂಬರಿನ ಆವೃತ್ತಿಯಲ್ಲಿ 32 ಬಿಟ್ ವಿಂಡೋಸ್‌ಗೆ ನೀಡುತ್ತಿದ್ದ ಬೆಂಬಲವನ್ನು ನಿಲ್ಲಿಸಿದಾಗ, ಹಳೆಯ ಯಂತ್ರಗಳಲ್ಲಿ ಉಳಿದವರ ಪಾಲಿಗೆ ಕಾಲ ಅಲ್ಲಿಗೇ ನಿಂತಿತು.

ದಣಿದ ಒಬ್ಬರನ್ನು ನೆಚ್ಚಿಕೊಂಡಿರುವ ಈ ಏರ್ಪಾಡಿನ ಅಪಾಯವು 2024ರಲ್ಲಿ ಬಯಲಾಯಿತು. ‘ಎಕ್ಸ್‌ಝಡ್’ ಎಂಬುದು ದತ್ತಾಂಶವನ್ನು ಕುಗ್ಗಿಸುವ, ಹೆಚ್ಚುಕಡಿಮೆ ಎಲ್ಲ ಯುನಿಕ್ಸ್ ಬಗೆಯ ವ್ಯವಸ್ಥೆಗಳಲ್ಲಿಯೂ ಇರುವ ಸಣ್ಣ ತಂತ್ರಾಂಶ. ಬಹುಕಾಲ ಏಕಾಂಗಿಯಾಗಿ ಅದನ್ನು ನೋಡಿಕೊಳ್ಳುತ್ತಿದ್ದವರಿಗೆ ನೆರವಾಗುವ ನೆಪದಲ್ಲಿ ಸೇರಿದ ವ್ಯಕ್ತಿಯೊಬ್ಬನು ಕ್ರಮೇಣ ನಂಬಿಕೆ ಗಳಿಸಿ, 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಕಳ್ಳದಾರಿಯೊಂದನ್ನು ಇರಿಸಿದ. ಅದನ್ನು ಅವನು ಅಡಗಿಸಿದ ಜಾಗ ಅರ್ಥಪೂರ್ಣವಾಗಿದೆ. ಸಾರ್ವಜನಿಕರು ನೋಡಬಹುದಾದ ಮೂಲಪಾಠದ ಭಂಡಾರದಲ್ಲಿ ಅದನ್ನು ಎಚ್ಚರಗೊಳಿಸುವ ಸಾಲುಗಳು ಇರಲಿಲ್ಲ. ಬಿಡುಗಡೆಯ ಗಂಟಿನೊಳಗೆ, ‘ಕಾನ್ಫಿಗರ್’ ಅನ್ನು ಹುಟ್ಟಿಸುವ ಕಡತಗಳ ನಡುವೆ ಅವು ಸೇರಿದ್ದವು. ಸಾವಿರಾರು ಸಾಲುಗಳ ‘ಕಾನ್ಫಿಗರ್’ ಯಂತ್ರವೇ ಬರೆದದ್ದು, ಅದನ್ನು ಯಾರೂ ಓದುವುದಿಲ್ಲ ಎಂಬುದು ಅವನಿಗೆ ತಿಳಿದಿತ್ತು. ದೂರದ ಯಂತ್ರಕ್ಕೆ ಪ್ರವೇಶಿಸುವಾಗ ಸುಮಾರು ಅರ್ಧ ಸೆಕೆಂಡಿನಷ್ಟು ವಿಳಂಬವಾಗುತ್ತಿರುವುದನ್ನು ಗಮನಿಸಿ ಬೆನ್ನು ಹತ್ತಿದ ಆಂಡ್ರೆಸ್ ಫ್ರಾಯ್ಂಡ್ ಅವರು ಮಾರ್ಚ್ 29ರಂದು ಈ ಸಂಗತಿಯನ್ನು ಪ್ರಕಟಿಸಿದರು. ಕಳ್ಳದಾರಿಯು ಇಂಟೆಲ್ ಬಗೆಯ 64 ಬಿಟ್ ಲಿನಕ್ಸ್ ವಿತರಣೆಗಳನ್ನು ಗುರಿಯಾಗಿಸಿದ್ದಾದರೂ, ಮ್ಯಾಕ್‌ನ ಹೋಮ್‌ಬ್ರೂ ಮುನ್ನೆಚ್ಚರಿಕೆಯಾಗಿ ಹಳೆಯ 5.4.6 ಆವೃತ್ತಿಗೆ ಹಿಂದಿರುಗಿತು. ಅಂದಿನಿಂದ ವಿತರಣೆಗಳನ್ನು ಸಿದ್ಧಪಡಿಸುವವರಲ್ಲಿ ಕೆಲವರು, ಬಿಡುಗಡೆಯ ಗಂಟನ್ನು ಬದಿಗಿಟ್ಟು, ಭಂಡಾರದಲ್ಲಿರುವ ಮೂಲಪಾಠದಿಂದಲೇ ‘ಕಾನ್ಫಿಗರ್’ ಅನ್ನು ತಾವಾಗಿ ಹೊಸದಾಗಿ ಹುಟ್ಟಿಸಿಕೊಳ್ಳುವ ಕ್ರಮವನ್ನು ಕೈಗೊಂಡಿದ್ದಾರೆ.